ಕಡತದಲ್ಲಿ ಉಳಿದ ಸುತ್ತೋಲೆ



ನಿವೃತ್ತ ಮೇಷ್ಟರ ಮನೆಗೆ ಜೂನ್ ತಿಂಗಳಿನಿಂದ ದೀಪಾವಳಿಯವರೆಗೆ ಅರ್ಜಿಗಳು ಬರುತ್ತಲೇ ಇರುತ್ತವೆ. ಅಕ್ಕಪಕ್ಕದ ಬೀದಿಯ ತಂದೆತಾಯಿಗಳು ಮಕ್ಕಳ ವಿದ್ಯಾರ್ಥಿವೇತನದ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಬರುತ್ತಾರೆ. ಕಣ್ಣಿಗೆ ಕನ್ನಡಕ ಏರಿಸಿಕೊಂಡು ಕುಳಿತುಕೊಳ್ಳುವುದು ನನಗೂ ಅಭ್ಯಾಸವಾಗಿಬಿಟ್ಟಿದೆ. ಕಳೆದ ತಿಂಗಳು ಹೀಗೆಯೇ ಒಬ್ಬ ತಂದೆ ಬಂದರು. ಅವರ ಮಗನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ದ್ವಿತೀಯ ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದು ಪದವಿ ಕಾಲೇಜು ಸೇರಿದ್ದಾನೆ. ಆ ತಂದೆ ಬಹಳ ಸಂಕೋಚದಿಂದ ಕೇಳಿದ ಪ್ರಶ್ನೆ ಇಷ್ಟೇ: "ಸಾರ್, ಇಂಥ ಮಕ್ಕಳಿಗೆ ಕಾಲೇಜಿಗೆ ಸರ್ಕಾರದಿಂದ ಏನಾದರೂ ಇದೆಯಂತೆ, ಹೌದೇ?"

"ಇದೆಯಂತೆ" ಎಂಬ ಆ ಒಂದು ಮಾತು ನನ್ನನ್ನು ನಲವತ್ತು ವರ್ಷ ಹಿಂದಕ್ಕೆ ಎಳೆದೊಯ್ದಿತು. ಅಂದು ರಾತ್ರಿ ಕುಳಿತು ಬರೆಯಲಾರಂಭಿಸಿದ ಲೇಖನವಿದು. ಇದರಲ್ಲಿ ಚರಿತ್ರೆಯೂ ಇದೆ, ನನ್ನದೊಂದು ತಪ್ಪಿನ ಒಪ್ಪಿಗೆಯೂ ಇದೆ.

ನಾನು ಬಿ.ಎಡ್. ಮುಗಿಸಿ ಸಮಾಜ ವಿಜ್ಞಾನದ ಶಿಕ್ಷಕನಾಗಿ ಸೇರಿದ್ದು 1982ರಲ್ಲಿ, ಮಲೆನಾಡಿನ ಅಂಚಿನ ಒಂದು ಸಣ್ಣ ಊರಿನ ಪ್ರೌಢಶಾಲೆಗೆ. ಎರಡು ವರ್ಷದ ನಂತರ ಹತ್ತನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳ ದೃಷ್ಟಿ ಬಹಳ ಮಂದ. ಪುಸ್ತಕವನ್ನು ಮೂಗಿಗೆ ತಾಗಿಸಿ ಹಿಡಿದರೂ ಅಕ್ಷರಗಳು ಪೂರ್ತಿ ಕಾಣುತ್ತಿರಲಿಲ್ಲ. ಗೆಳತಿಯರು ಓದಿ ಹೇಳುತ್ತಿದ್ದುದನ್ನು ಕೇಳಿಸಿಕೊಂಡೇ ಪಾಠಗಳನ್ನು ನೆನಪಿಟ್ಟುಕೊಳ್ಳುತ್ತಿದ್ದಳು. ಪ್ಲಾಸಿ ಕದನದಿಂದ ಹಿಡಿದು ಉಪ್ಪಿನ ಸತ್ಯಾಗ್ರಹದವರೆಗೆ ಯಾವ ಇಸವಿ ಕೇಳಿದರೂ ತಡವರಿಸದೆ ಹೇಳುತ್ತಿದ್ದಳು. ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಕಾಲೇಜು ಹದಿನೆಂಟು ಕಿಲೋಮೀಟರ್ ದೂರದ ಪಟ್ಟಣದಲ್ಲಿತ್ತು. ಅವಳ ತಂದೆ ಕೂಲಿ ಕೆಲಸದವರು. "ಓದಿಸಲಿಕ್ಕೆ ಆಸೆಯೇನೋ ಇದೆ ಮೇಷ್ಟ್ರೇ. ಆದರೆ ಅಲ್ಲಿ ಇವಳಿಗೆ ಪುಸ್ತಕ ಓದಿ ಹೇಳುವವರು ಯಾರು? ಬಸ್ಸಿಗೆ ಜೊತೆಯಲ್ಲಿ ಹೋಗುವವರು ಯಾರು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. "ಹೌದಪ್ಪಾ, ಕಷ್ಟವೇ" ಎಂದೆ. ಅವಳ ಓದು ಅಲ್ಲಿಗೇ ನಿಂತಿತು.

1987ರಲ್ಲಿ ಮುಖ್ಯೋಪಾಧ್ಯಾಯರು ರಜೆಯ ಮೇಲಿದ್ದಾಗ ಕಚೇರಿಯ ಹೊಣೆ ಕೆಲವು ದಿನ ನನ್ನ ಪಾಲಿಗೆ ಬಂತು. ಹಳೆಯ ಕಡತಗಳ ಧೂಳು ಕೊಡವುತ್ತಿದ್ದಾಗ ಒಂದು ಸುತ್ತೋಲೆ ಸಿಕ್ಕಿತು. ಅಂಗವಿಕಲ ವಿದ್ಯಾರ್ಥಿಗಳು ಪ್ರೌಢಶಾಲೆಯಲ್ಲಿಯೂ ಮುಂದಿನ ವ್ಯಾಸಂಗದಲ್ಲಿಯೂ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು, ದೃಷ್ಟಿ ಇಲ್ಲದವರಿಗೆ ಓದಿ ಹೇಳುವವರ ಸಲುವಾಗಿ ಪ್ರತ್ಯೇಕ ಭತ್ಯೆಯೂ ಇದೆ ಎಂದು ಅದರಲ್ಲಿ ಬರೆದಿತ್ತು. ಕಾಗದದ ಮೇಲಿನ ದಿನಾಂಕ ನಾನು ಆ ಶಾಲೆಗೆ ಸೇರುವ ಮೊದಲಿನದು. ಆ ತಂದೆ ಕೇಳಿದ ಪ್ರಶ್ನೆಯ ಉತ್ತರ ನಾನು ನಿಂತಿದ್ದ ಜಾಗದಿಂದ ಹತ್ತು ಹೆಜ್ಜೆ ದೂರದ ಕಪಾಟಿನಲ್ಲಿಯೇ ಇತ್ತು. ನಾನು ಹುಡುಕಿರಲಿಲ್ಲ. ಹುಡುಕಬೇಕೆಂದು ನನಗೆ ಹೊಳೆದೂ ಇರಲಿಲ್ಲ.

ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ಓದಿದಂತೆಲ್ಲ ಒಂದು ಸಂಗತಿ ಸ್ಪಷ್ಟವಾಯಿತು. ಅಂಗವಿಕಲ ವಿದ್ಯಾರ್ಥಿಗೆ ಕಾಲೇಜಿನ ಖರ್ಚಿಗೆ ಹಣ ಕೊಡುವ ಕಥೆ ಮೇಲುನೋಟಕ್ಕೆ ಔದಾರ್ಯದ ಕಥೆಯಂತೆ ಕಾಣುತ್ತದೆ. ಒಳಹೊಕ್ಕು ನೋಡಿದರೆ ಅದೊಂದು ಪ್ರಶ್ನೆಯ ಕಥೆ. ಹಣ ಕೊಡುವವನು ಎದುರಿಗಿರುವ ವಿದ್ಯಾರ್ಥಿಯನ್ನು ಯಾವ ಪ್ರಶ್ನೆ ಕೇಳುತ್ತಾನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ಕಥೆಯ ಬಹು ಮುಖ್ಯವಾದ ಅಧ್ಯಾಯಗಳು ನಡೆದದ್ದು ಅಮೆರಿಕಾ ದೇಶದಲ್ಲಿ. ಅಲ್ಲಿ ಸರ್ಕಾರ ಈ ಕೆಲಸಕ್ಕೆ ಕೈಹಾಕಿದ್ದು ಯುದ್ಧದ ಕಾರಣದಿಂದ. ಮೊದಲನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಮರಳಿದ ಸೈನಿಕರಿಗೆ ವೃತ್ತಿ ತರಬೇತಿ ನೀಡಲು 1918ರಲ್ಲಿ ಒಂದು ಕಾನೂನು ಬಂತು. 1920ರಲ್ಲಿ ಇನ್ನೊಂದು ಕಾನೂನಿನ ಮೂಲಕ ಅದೇ ಬಗೆಯ ನೆರವನ್ನು ಸಾಮಾನ್ಯ ನಾಗರಿಕರಿಗೂ ವಿಸ್ತರಿಸಲಾಯಿತು. ಕೇಂದ್ರ ಮತ್ತು ರಾಜ್ಯಗಳು ಖರ್ಚನ್ನು ಹಂಚಿಕೊಳ್ಳಬೇಕೆಂಬುದು ಅದರ ಏರ್ಪಾಡು. ಇಲ್ಲಿ ಗಮನಿಸಬೇಕಾದುದು ಅದರ ಹಿಂದಿನ ತರ್ಕ. ತರಬೇತಿಗೆ ಖರ್ಚು ಮಾಡಿದ ಹಣ ಆ ವ್ಯಕ್ತಿ ದುಡಿಯತೊಡಗಿದಾಗ ಸಮಾಜಕ್ಕೆ ಮರಳಿ ಬರಬೇಕು. ಆದುದರಿಂದ ಅಧಿಕಾರಿ ಕೇಳಬೇಕಾದ ಮೊದಲ ಪ್ರಶ್ನೆ, "ಇವನು ದುಡಿಯಬಲ್ಲನೇ?" ದುಡಿಯಬಲ್ಲನೆಂದು ತೋರಿದರೆ ಹಣ, ಇಲ್ಲವಾದರೆ ಇಲ್ಲ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಈ ನೆರವು ಕಾಲೇಜಿನ ಬಾಗಿಲನ್ನು ತಲುಪಿತು. 1943ರಲ್ಲಿ ಗಾಯಗೊಂಡ ಸೈನಿಕರ ಶಿಕ್ಷಣ ಮತ್ತು ತರಬೇತಿಗಾಗಿ ಒಂದು ಕಾನೂನು, 1944ರಲ್ಲಿ ಎಲ್ಲ ಮಾಜಿ ಸೈನಿಕರ ವ್ಯಾಸಂಗಕ್ಕೆ ಹಣ ಒದಗಿಸುವ ಪ್ರಸಿದ್ಧ ಜಿ.ಐ. ಬಿಲ್ ಜಾರಿಗೆ ಬಂದವು. ಲಕ್ಷಾಂತರ ಸೈನಿಕರು ಸಮವಸ್ತ್ರ ಕಳಚಿ ಪುಸ್ತಕ ಹಿಡಿದರು. ಆದರೆ ಬೆನ್ನುಹುರಿಗೆ ಗುಂಡು ತಗುಲಿ ಗಾಲಿಕುರ್ಚಿಯಲ್ಲಿ ಕುಳಿತವರ ಪಾಡೇನು? ಶುಲ್ಕ ಕಟ್ಟಲು ಸರ್ಕಾರ ಸಿದ್ಧವಿತ್ತು, ತರಗತಿಯ ಬಾಗಿಲಿಗೆ ಹೋಗಲು ಮಾತ್ರ ಮೆಟ್ಟಿಲುಗಳನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಇಲಿನಾಯ್ ವಿಶ್ವವಿದ್ಯಾಲಯ ಈ ಪ್ರಶ್ನೆಗೆ ಮೊದಲು ಉತ್ತರ ಹುಡುಕಿತು. ಗೇಲ್ಸ್‌ಬರ್ಗ್ ಎಂಬ ಊರಿನಲ್ಲಿ ಹಿಂದೆ ಸೈನಿಕ ಆಸ್ಪತ್ರೆಯಾಗಿದ್ದ ಕಟ್ಟಡಗಳಲ್ಲಿ ಅದು ತಾತ್ಕಾಲಿಕವಾಗಿ ತರಗತಿಗಳನ್ನು ನಡೆಸುತ್ತಿತ್ತು. ಆಸ್ಪತ್ರೆಯ ಕಟ್ಟಡವಾದುದರಿಂದ ಗಾಲಿಕುರ್ಚಿಗಳು ಸಲೀಸಾಗಿ ಓಡಾಡುತ್ತಿದ್ದವು. 1948ರಲ್ಲಿ ಟಿಮೊಥಿ ನ್ಯೂಜೆಂಟ್ ಎಂಬ ತರುಣ ಅಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗಾಗಿ ಒಂದು ಕಾರ್ಯಕ್ರಮವನ್ನು ಆರಂಭಿಸಿದರು. ಮರುವರ್ಷವೇ ಆ ಶಾಖೆಯನ್ನು ಮುಚ್ಚುವ ನಿರ್ಧಾರವಾಯಿತು. ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ, ಪ್ರತಿಭಟಿಸಿದರು. ಮುಖ್ಯ ಆವರಣಕ್ಕೇ ಹೋಗಿ, ತಮ್ಮಿಂದ ಅಲ್ಲಿ ಓದಲು ಸಾಧ್ಯವೆಂದು ಮನಗಾಣಿಸಲು ಯತ್ನಿಸಿದರು. ಕೊನೆಗೆ ಕಾರ್ಯಕ್ರಮವನ್ನು ಪ್ರಾಯೋಗಿಕವಾಗಿ ಅರ್ಬಾನಾದ ಮುಖ್ಯ ಆವರಣಕ್ಕೆ ವರ್ಗಾಯಿಸಲಾಯಿತು. ಮುಂದೆ ಅಲ್ಲಿ ಇಳಿಜಾರು ದಾರಿಗಳು ಬಂದವು, ಗಾಲಿಕುರ್ಚಿಯನ್ನು ಮೇಲಕ್ಕೆತ್ತಿಕೊಳ್ಳುವ ಬಸ್ಸುಗಳು ಬಂದವು. ಶುಲ್ಕವೊಂದನ್ನೇ ಕೊಟ್ಟರೆ ಸಾಲದು, ದಾರಿಯನ್ನೂ ಕೊಡಬೇಕು ಎಂಬುದು ಇಲಿನಾಯ್‌ನ ಪಾಠ.

ಆದರೂ "ದುಡಿಯಬಲ್ಲನೇ?" ಎಂಬ ಪ್ರಶ್ನೆ ಮಾತ್ರ ಅಲುಗಾಡಲಿಲ್ಲ. ಅದನ್ನು ಅಲುಗಾಡಿಸಿದವರಲ್ಲಿ ಮುಖ್ಯನಾದವನು ಕುತ್ತಿಗೆಯಿಂದ ಕೆಳಗೆ ಹೆಚ್ಚುಕಡಿಮೆ ಏನನ್ನೂ ಅಲುಗಾಡಿಸಲಾರದ ಒಬ್ಬ ಯುವಕ ಎಂಬುದು ಚರಿತ್ರೆಯ ವಿಚಿತ್ರ.

ಅವನ ಹೆಸರು ಎಡ್ ರಾಬರ್ಟ್ಸ್. ಕ್ಯಾಲಿಫೋರ್ನಿಯಾದ ಹುಡುಗ, 1939ರಲ್ಲಿ ಹುಟ್ಟಿದವನು. 1953ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಪೋಲಿಯೋ ತಗುಲಿತು. ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ಎರಡು ವರ್ಷದ ಅಂತರ ಒಂದು ಬದುಕನ್ನೇ ಬದಲಿಸಿತು. ಉಸಿರಾಡಲು ಕಬ್ಬಿಣದ ಶ್ವಾಸಕೋಶವೆಂದು ಕರೆಯುವ ದೊಡ್ಡ ಉರುಳೆಯೊಳಗೆ ಮಲಗಬೇಕಾಗಿತ್ತು. ಶಾಲೆಯ ಪಾಠವನ್ನು ಅವನು ದೂರವಾಣಿಯ ಮೂಲಕ ಕೇಳಿದ. ಪಾಠವೆಲ್ಲ ಮುಗಿಸಿದ ಮೇಲೆ ಶಾಲೆ ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ಕಾರಣವೇನು ಗೊತ್ತೇ? ದೈಹಿಕ ಶಿಕ್ಷಣ ಮತ್ತು ವಾಹನ ಚಾಲನೆಯ ತರಬೇತಿಯನ್ನು ಆತ ಪೂರೈಸಿರಲಿಲ್ಲವಂತೆ! ತಾಯಿ ಜೋನಾ ರಾಬರ್ಟ್ಸ್ ಪಟ್ಟು ಹಿಡಿದು ಹೋರಾಡಿ ಮಗನಿಗೆ ಪ್ರಮಾಣಪತ್ರ ಕೊಡಿಸಿದರು.

ಸ್ಥಳೀಯ ಕಾಲೇಜಿನಲ್ಲಿ ಓದುತ್ತಿದ್ದಾಗ ಜೀನ್ ವರ್ತ್ ಎಂಬ ಸಲಹೆಗಾರ್ತಿ ಅವನ ಬುದ್ಧಿಯನ್ನು ಗುರುತಿಸಿದರು. ರಾಜ್ಯಶಾಸ್ತ್ರ ಓದಲು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೇ ಅರ್ಜಿ ಹಾಕು ಎಂದರು. ಒಬ್ಬ ಶಿಕ್ಷಕನಾಗಿ ನಾನು ಈ ಹೆಸರಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಚರಿತ್ರೆಯ ಪುಸ್ತಕಗಳು ಇಂಥವರಿಗೆ ಅರ್ಧ ಸಾಲು ಮಾತ್ರ ಕೊಡುತ್ತವೆ. ಆದರೆ ಅವರು "ಹೌದಪ್ಪಾ, ಕಷ್ಟವೇ" ಎಂದು ಹೇಳಿ ಸುಮ್ಮನಾಗಲಿಲ್ಲ.

ಖರ್ಚಿಗೆ ಹಣ ಬೇಕಲ್ಲ? ರಾಜ್ಯದ ವೃತ್ತಿ ಪುನರ್ವಸತಿ ಇಲಾಖೆಗೆ ಅರ್ಜಿ ಹೋಯಿತು. ಇಷ್ಟು ತೀವ್ರವಾದ ವೈಕಲ್ಯವಿರುವವನು ಎಂದಿಗೂ ಉದ್ಯೋಗ ಮಾಡಲಾರ, ಅವನ ಮೇಲೆ ಹಣ ಹೂಡುವುದು ಕಾರ್ಯಸಾಧುವಲ್ಲ ಎಂದು ಇಲಾಖೆ ಅರ್ಜಿಯನ್ನು ತಿರಸ್ಕರಿಸಿತು. ಸುದ್ದಿ ಪತ್ರಿಕೆಗಳಲ್ಲಿ ಪ್ರಕಟವಾದ ಮೇಲೆಯೇ ಅದು ತನ್ನ ನಿಲುವನ್ನು ಬದಲಿಸಿದ್ದು. ವಿಶ್ವವಿದ್ಯಾಲಯದಲ್ಲಿಯೂ ಹಿಂಜರಿಕೆ ಇತ್ತು. ಆ ಭಾರಿ ಶ್ವಾಸಯಂತ್ರ ಹಿಡಿಸುವ ಕೊಠಡಿ ವಿದ್ಯಾರ್ಥಿನಿಲಯದಲ್ಲಿ ಇರಲಿಲ್ಲ. ಕೊನೆಗೆ ಆವರಣದ ಕೋವೆಲ್ ಆಸ್ಪತ್ರೆಯ ಒಂದು ಕೊಠಡಿಯೇ ಅವನ ವಸತಿಯಾಯಿತು. 1962ರಲ್ಲಿ ಅವನು ಬರ್ಕ್‌ಲಿಯ ವಿದ್ಯಾರ್ಥಿಯಾದ. 1964ರಲ್ಲಿ ಪದವಿ, 1966ರಲ್ಲಿ ಸ್ನಾತಕೋತ್ತರ ಪದವಿ ಪಡೆದ.

ಒಂದು ದೀಪದಿಂದ ಇನ್ನೊಂದು ದೀಪ ಹೊತ್ತುವಂತೆ, ರಾಬರ್ಟ್ಸ್ ಹಿಂದೆ ಇತರರೂ ಬಂದರು. ಆಸ್ಪತ್ರೆಯ ಆ ಮಹಡಿ ಒಂದು ವಿದ್ಯಾರ್ಥಿನಿಲಯವೇ ಆಗಿಹೋಯಿತು. 1970ರಲ್ಲಿ ಕೇಂದ್ರ ಸರ್ಕಾರದ ಅನುದಾನ ಪಡೆದು ಅಂಗವಿಕಲ ವಿದ್ಯಾರ್ಥಿಗಳಿಗಾಗಿ ಒಂದು ವಿಭಾಗವೇ ಬರ್ಕ್‌ಲಿಯಲ್ಲಿ ಆರಂಭವಾಯಿತು. ಸಹಾಯಕರನ್ನು ಹುಡುಕುವುದು, ಗಾಲಿಕುರ್ಚಿ ರಿಪೇರಿ ಮಾಡಿಸುವುದು, ಬಾಡಿಗೆ ಮನೆ ಗೊತ್ತುಮಾಡುವುದು, ಯಾವ ಕಚೇರಿಯಿಂದ ಯಾವ ಹಣ ಸಿಗುತ್ತದೆಂದು ತಿಳಿಸುವುದು ಇವೆಲ್ಲ ಅದರ ಕೆಲಸ. 1972ರಲ್ಲಿ ಊರಿನ ಜನರಿಗೂ ಇಂಥದೇ ನೆರವು ನೀಡಲು ಸ್ವತಂತ್ರ ಜೀವನ ಕೇಂದ್ರ ಸ್ಥಾಪನೆಯಾಯಿತು.

ಇನ್ನು ಕಥೆಯ ತಿರುವು. 1975ರಲ್ಲಿ ಕ್ಯಾಲಿಫೋರ್ನಿಯಾದ ರಾಜ್ಯಪಾಲ ಜೆರ್ರಿ ಬ್ರೌನ್ ಅವರು ರಾಜ್ಯದ ಪುನರ್ವಸತಿ ಇಲಾಖೆಗೆ ಹೊಸ ನಿರ್ದೇಶಕರನ್ನು ನೇಮಿಸಿದರು. ಆ ನಿರ್ದೇಶಕ ಎಡ್ ರಾಬರ್ಟ್ಸ್! ಎಂದಿಗೂ ಉದ್ಯೋಗ ಮಾಡಲಾರ ಎಂದು ಯಾವ ಇಲಾಖೆ ಷರಾ ಬರೆದಿತ್ತೋ ಅದೇ ಇಲಾಖೆಯ ಮುಖ್ಯಸ್ಥನ ಕುರ್ಚಿ ಅವನದಾಯಿತು. 1995ರಲ್ಲಿ ತೀರಿಕೊಳ್ಳುವವರೆಗೂ ಅವನು ದುಡಿಯುತ್ತಲೇ ಇದ್ದ.

ಇದೇ ಕಾಲದ ಇನ್ನೊಬ್ಬರು ಜೂಡಿತ್ ಹ್ಯೂಮನ್. ನ್ಯೂಯಾರ್ಕ್‌ನವರು, ಮಗುವಾಗಿದ್ದಾಗಲೇ ಪೋಲಿಯೋ ಆಗಿ ಗಾಲಿಕುರ್ಚಿ ಸೇರಿದವರು. ಅವರಿಗೆ ಶಿಕ್ಷಕಿಯಾಗುವ ಆಸೆ. ಆದರೆ ಕಾಲೇಜಿನ ಖರ್ಚು ಕೊಡುತ್ತಿದ್ದುದು ಪುನರ್ವಸತಿ ಇಲಾಖೆ. ಗಾಲಿಕುರ್ಚಿಯಲ್ಲಿ ಕುಳಿತು ಪಾಠ ಮಾಡುವ ಶಿಕ್ಷಕರೇ ಎಲ್ಲಿಯೂ ಕಾಣದಿದ್ದಾಗ, ಶಿಕ್ಷಕಿಯಾಗಬೇಕೆಂದರೆ ಹಣ ಸಿಗುವ ನೆಚ್ಚಿಕೆ ಇಲ್ಲ. ಹೀಗಾಗಿ ಮನಸ್ಸಿನ ಆಸೆಯನ್ನು ಮುಚ್ಚಿಟ್ಟು ವಾಕ್ ಚಿಕಿತ್ಸೆಯನ್ನು ಓದುವುದಾಗಿ ಹೇಳಬೇಕಾಯಿತು. ಯಾರೂ ಶಿಕ್ಷಕರಾಗಿಲ್ಲವಾದುದರಿಂದ ನಿನಗೆ ಹಣವಿಲ್ಲ, ಹಣವಿಲ್ಲವಾದುದರಿಂದ ಯಾರೂ ಶಿಕ್ಷಕರಾಗುವುದಿಲ್ಲ. ಈ ವಿಷಚಕ್ರವನ್ನು ಗಮನಿಸಿದಿರಾ? 1970ರಲ್ಲಿ ನ್ಯೂಯಾರ್ಕ್‌ನ ಶಿಕ್ಷಣ ಮಂಡಳಿ ಅವರಿಗೆ ಬೋಧನೆಯ ಪರವಾನಗಿ ನಿರಾಕರಿಸಿತು. ಅವರು ನ್ಯಾಯಾಲಯಕ್ಕೆ ಹೋಗಿ ಅದನ್ನು ಪಡೆದು ಶಿಕ್ಷಕಿಯಾದರು.

ಅಮೆರಿಕಾದ 1973ರ ಪುನರ್ವಸತಿ ಕಾನೂನಿನ 504ನೆಯ ವಿಧಿ ಒಂದೇ ಒಂದು ವಾಕ್ಯದ ಹುರುಳುಳ್ಳದ್ದು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಕಾರ್ಯಕ್ರಮದಿಂದಲೂ ವೈಕಲ್ಯದ ಕಾರಣಕ್ಕಾಗಿ ಅರ್ಹರನ್ನು ಹೊರಗಿಡಬಾರದು ಎಂಬುದು ಅದರ ಸಾರ. ಆದರೆ ಅದನ್ನು ಜಾರಿಗೊಳಿಸುವ ನಿಯಮಗಳಿಗೆ ನಾಲ್ಕು ವರ್ಷ ಸಹಿ ಬೀಳಲಿಲ್ಲ. 1977ರ ಏಪ್ರಿಲ್ 5ರಂದು ಹ್ಯೂಮನ್ ಮೊದಲಾದವರ ನೇತೃತ್ವದಲ್ಲಿ ನೂರಕ್ಕೂ ಹೆಚ್ಚು ಮಂದಿ ಸ್ಯಾನ್‌ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡವನ್ನು ಹೊಕ್ಕು ಧರಣಿ ಕುಳಿತರು. ಅವರಲ್ಲಿ ಗಾಲಿಕುರ್ಚಿಯವರಿದ್ದರು, ಕಣ್ಣಿಲ್ಲದವರಿದ್ದರು, ಕಿವಿ ಕೇಳದವರಿದ್ದರು. ಮೂರು ವಾರಗಳಿಗೂ ಮೀರಿ ಅಲ್ಲಿಯೇ ಉಳಿದರು. ಏಪ್ರಿಲ್ 28ರಂದು ನಿಯಮಗಳಿಗೆ ಸಹಿ ಬಿತ್ತು. ನಮ್ಮ ಗಾಂಧೀಜಿಯ ಸತ್ಯಾಗ್ರಹದ ಪಾಠ ಹೇಳಿಕೊಂಡು ಬಂದ ನನಗೆ ಆ ಧರಣಿಯ ಕಥೆ ಪರಿಚಿತವೆಂದೇ ತೋರಿತು. ಅಂದಿನಿಂದ ಕಾಲೇಜುಗಳು ಕೇಳಬಹುದಾದ ಪ್ರಶ್ನೆ ಬದಲಾಯಿತು. "ಇವನು ದುಡಿಯಬಲ್ಲನೇ?" ಎಂಬುದು ಹೋಗಿ "ಇವನು ಓದಬಲ್ಲನೇ? ಓದಬಲ್ಲನಾದರೆ ನಾವು ಏನನ್ನು ಸರಿಪಡಿಸಬೇಕು?" ಎಂಬುದು ಬಂತು.

ಈಗ ನಮ್ಮ ನಾಡಿನ ಕಡೆಗೆ ಬರೋಣ. ಭಾರತದಲ್ಲಿ ಅಂಧ ಮಕ್ಕಳ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ಆರಂಭವಾಯಿತು. ನಮ್ಮ ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ಪ್ರಾರಂಭವಾದುದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ. ಸ್ವಾತಂತ್ರ್ಯಾನಂತರ, 1951ರಲ್ಲಿ, ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತೀ ಬ್ರೈಲ್ ರೂಪುಗೊಂಡಿತು. ಅದೇ ವರ್ಷ ಡೆಹರಾಡೂನ್‌ನಲ್ಲಿ ಬ್ರೈಲ್ ಮುದ್ರಣಾಲಯವೂ ಆರಂಭವಾಯಿತು. ಸ್ವತಃ ದೃಷ್ಟಿಯಿಲ್ಲದ ಲಾಲ್ ಅಡ್ವಾಣಿ ಎಂಬವರು ಆ ಆರಂಭದ ದಿನಗಳಿಂದಲೂ ಕೇಂದ್ರ ಶಿಕ್ಷಣ ಸಚಿವಾಲಯದಲ್ಲಿ ಕೆಲಸ ಮಾಡಿದರು. ಅಂಗವಿಕಲರ ಶಿಕ್ಷಣದ ಯೋಜನೆಗಳ ಹಿಂದೆ ಅವರ ಪರಿಶ್ರಮ ದೊಡ್ಡದು.

1955ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ಅಂಧ, ಕಿವುಡ ಹಾಗೂ ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಯೋಜನೆಯನ್ನು ಆರಂಭಿಸಿತು. ಎಡ್ ರಾಬರ್ಟ್ಸ್ ಬರ್ಕ್‌ಲಿಗೆ ಹೋಗುವುದಕ್ಕೆ ಏಳು ವರ್ಷ ಮೊದಲು ಎಂಬುದನ್ನು ನೆನಪಿಡಿ. ಬಡ ದೇಶ, ಸಣ್ಣ ಮೊತ್ತ, ಕೆಲವೇ ಮಂದಿ ಫಲಾನುಭವಿಗಳು, ನಿಜ. ಆದರೆ ಉದ್ದೇಶ ದೊಡ್ಡದಾಗಿತ್ತು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಅಂಗವಿಕಲ ಮಕ್ಕಳ ಶಿಕ್ಷಣವನ್ನು ಕೇವಲ ದಯೆಯ ವಿಷಯವಾಗಿ ನೋಡಬಾರದೆಂದು ಹೇಳಿತು. 1974ರಲ್ಲಿ ಸಾಮಾನ್ಯ ಶಾಲೆಗಳಲ್ಲಿಯೇ ಅಂಥ ಮಕ್ಕಳನ್ನು ಓದಿಸುವ ಸಮನ್ವಯ ಶಿಕ್ಷಣ ಯೋಜನೆ ಬಂತು. ಪುಸ್ತಕ, ಸಮವಸ್ತ್ರ, ಪ್ರಯಾಣ, ಓದಿ ಹೇಳುವವರು, ಜೊತೆಗೆ ಬರುವವರು ಎಲ್ಲಕ್ಕೂ ಅದರಲ್ಲಿ ಭತ್ಯೆಗಳಿದ್ದವು. ಆದರೆ ಅದು ಶಾಲೆಯ ಯೋಜನೆ. ಶಾಲೆ ಮುಗಿದ ಮೇಲೆ ಕಾಲೇಜಿನ ವಿದ್ಯಾರ್ಥಿವೇತನವನ್ನು ಹುಡುಕಿಕೊಂಡು ವಿದ್ಯಾರ್ಥಿಯೇ ಬೇರೆ ಕಚೇರಿಗೆ ಹೋಗಬೇಕಿತ್ತು. ಸೇತುವೆಯ ಎರಡು ತುದಿಗಳಿದ್ದವು, ನಡುವಿನ ಹಲಗೆ ಇರಲಿಲ್ಲ. ಆ ಹಲಗೆ ಶಿಕ್ಷಕನೇ ಆಗಬೇಕಿತ್ತು. 1984ರಲ್ಲಿ ನಾನು ಆಗಲಿಲ್ಲ.

1988ರಲ್ಲಿ ನನಗೆ ಇನ್ನೊಂದು ಅವಕಾಶ ಸಿಕ್ಕಿತು. ಪೋಲಿಯೋದಿಂದ ಎರಡೂ ಕಾಲು ಸೊರಗಿದ್ದ ಒಬ್ಬ ಹುಡುಗ, ಮೊಣಕಾಲಿನ ಮೇಲೆ ಕೈಯೂರಿ ನಡೆಯುತ್ತಿದ್ದವನು, ಒಳ್ಳೆಯ ಅಂಕ ಪಡೆದ. ಈ ಸಲ ಸುತ್ತೋಲೆಯನ್ನು ಜೇಬಿನಲ್ಲಿಟ್ಟುಕೊಂಡೇ ಹೊರಟೆ. ವೈದ್ಯರ ಪ್ರಮಾಣಪತ್ರಕ್ಕಾಗಿ ಒಂದು ಊರು, ಆದಾಯ ಪತ್ರಕ್ಕಾಗಿ ಇನ್ನೊಂದು ಊರು, ಅರ್ಜಿ ಕೊಡಲು ಮತ್ತೊಂದು ಊರು. ಅರ್ಜಿ ಸ್ವೀಕರಿಸುವ ಕಚೇರಿ ಇದ್ದದ್ದು ಮೊದಲನೆಯ ಮಹಡಿಯಲ್ಲಿ! ಹುಡುಗ ಕುಳಿತುಕೊಂಡೇ ಒಂದೊಂದು ಮೆಟ್ಟಿಲನ್ನು ಏರಿದ. ಮೇಲೆ ಕುಳಿತಿದ್ದ ಗುಮಾಸ್ತರು ಅವನನ್ನು ನೋಡಿ, ಅರ್ಜಿಯನ್ನು ನೋಡಿ, ನನ್ನ ಕಡೆ ತಿರುಗಿ ಕೇಳಿದರು: "ಇವನು ಓದಿ ಏನು ಮಾಡ್ತಾನೆ ಮೇಷ್ಟ್ರೇ?"

ಕ್ಯಾಲಿಫೋರ್ನಿಯಾದ ಇಲಾಖೆ ಕೇಳಿದ ಪ್ರಶ್ನೆಯೇ ಅಲ್ಲವೇ ಇದು? ನನಗೆ ಆಗ ಎಡ್ ರಾಬರ್ಟ್ಸ್ ಹೆಸರು ಗೊತ್ತಿರಲಿಲ್ಲ. ಸಿಟ್ಟು ಬಂತು. ಆದರೆ ಸಿಟ್ಟಿನ ಹಿಂದೆಯೇ ನಾಚಿಕೆಯೂ ಬಂತು. ಏಕೆಂದರೆ ಅದೇ ಹುಡುಗನಿಗೆ ಒಂದು ವರ್ಷ ಮೊದಲು ನಾನೇ ಹೇಳಿದ್ದೆ: "ಕಾಲೇಜು ಗೀಜು ಯಾಕಪ್ಪಾ, ಬೆರಳಚ್ಚು ಕಲಿ, ಕುಳಿತಲ್ಲೇ ಮಾಡುವ ಕೆಲಸ." ಒಳ್ಳೆಯದಾಗಲೆಂದೇ ಹೇಳಿದ್ದು. ಆದರೂ ಅವನ ಓದನ್ನು ಅವನ ಕಾಲುಗಳಿಂದ ಅಳೆದದ್ದರಲ್ಲಿ ಗುಮಾಸ್ತರಿಗೂ ನನಗೂ ಏನು ವ್ಯತ್ಯಾಸ?

ಅರ್ಜಿ ಮಂಜೂರಾಯಿತು. ಹಣ ಬಂದದ್ದು ಮಾತ್ರ ಪರೀಕ್ಷೆ ಮುಗಿದ ಮೇಲೆ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂಬ ಗಾದೆ ನೆನಪಾಯಿತು. ಅಲ್ಲಿಯವರೆಗೆ ಶಾಲೆಯ ನಾಲ್ಕು ಜನ ಸಹೋದ್ಯೋಗಿಗಳು ಸೇರಿ ಬಸ್ಸಿನ ಖರ್ಚನ್ನು ನಡೆಸಿಕೊಟ್ಟೆವು. ಹುಡುಗ ಬಿ.ಕಾಂ. ಮುಗಿಸಿದ. ತನ್ನ ಕಾಲ ಮೇಲೆ ತಾನು ನಿಂತ ಎಂದು ಬರೆಯಲು ಹೊರಟೆ. ಆ ನುಡಿಗಟ್ಟು ಅವನ ವಿಷಯದಲ್ಲಿ ಸರಿಹೋಗದು, ಸಂಪಾದಿಸಿ ಸಂಸಾರ ನಡೆಸಿದ ಎನ್ನುತ್ತೇನೆ.

ಮುಂದಿನದು ಕಾನೂನುಗಳ ಕಾಲ. ನಮ್ಮ ಸಂಸತ್ತು 1995ರಲ್ಲಿ ಅಂಗವಿಕಲರ ಕಾಯಿದೆಯನ್ನು ಅಂಗೀಕರಿಸಿತು. 1996ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂತು. ಏಳು ಬಗೆಯ ವೈಕಲ್ಯಗಳನ್ನು ಅದು ಗುರುತಿಸಿತು. ಸರ್ಕಾರಿ ಮತ್ತು ಅನುದಾನಿತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 3ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿಟ್ಟಿತು. ವಿದ್ಯಾರ್ಥಿವೇತನ, ಪುಸ್ತಕ, ಪ್ರಯಾಣ ಸೌಲಭ್ಯಗಳಿಗೆ ಯೋಜನೆ ರೂಪಿಸಬೇಕೆಂದು ಸರ್ಕಾರಗಳಿಗೆ ಹೇಳಿತು. 1997ರಲ್ಲಿ ಅಂಗವಿಕಲರಿಗಾಗಿ ರಾಷ್ಟ್ರೀಯ ಹಣಕಾಸು ನಿಗಮ ಸ್ಥಾಪನೆಯಾಗಿ ಶಿಕ್ಷಣ ಸಾಲಕ್ಕೂ ದಾರಿಯಾಯಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಏಳು ಇದ್ದದ್ದು ಇಪ್ಪತ್ತೊಂದಾಯಿತು. ಕಲಿಕಾ ನ್ಯೂನತೆ, ಆಟಿಸಂ, ಆಮ್ಲ ದಾಳಿಗೆ ಒಳಗಾದವರು ಎಲ್ಲರೂ ಒಳಗೆ ಬಂದರು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳವರಿಗೆ ಮೀಸಲು ಶೇಕಡಾ 5ಕ್ಕೆ ಏರಿತು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆಯೂ ದೊರೆಯಿತು. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಕಾಸ್ ಕುಮಾರ್ ಪ್ರಕರಣದಲ್ಲಿ, ಪರೀಕ್ಷೆಗೆ ಲಿಪಿಕಾರರನ್ನು ಪಡೆಯುವ ಹಕ್ಕು ಶೇಕಡಾ 40ರ ಗೆರೆ ದಾಟಿದವರಿಗೆ ಮಾತ್ರ ಸೀಮಿತವಲ್ಲ ಎಂದು ತೀರ್ಪು ನೀಡಿತು. ನೋಡಿ, ನಮ್ಮಲ್ಲಿಯೂ ಪ್ರಶ್ನೆ ಬದಲಾಗಿದೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಅಂದು ಕಡತದಲ್ಲಿ ಅಡಗಿದ್ದ ಸುತ್ತೋಲೆ ಇಂದು ಅಂತರಜಾಲದಲ್ಲಿ ಎಲ್ಲರ ಕಣ್ಣೆದುರಿಗೇ ಇದೆ. ಇದ್ದೂ ಎಷ್ಟೋ ಮನೆಗಳಿಗೆ ಕಾಣುತ್ತಿಲ್ಲ. ಆದುದರಿಂದ ನನ್ನ ಅನುಭವದ ನಾಲ್ಕು ಮಾತು ಹೇಳಿಬಿಡುತ್ತೇನೆ. ಮೇಷ್ಟರ ಚಾಳಿ, ಸಹಿಸಿಕೊಳ್ಳಿ.

ಮೊದಲನೆಯದು, ವೈಕಲ್ಯದ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಎಂಬ ವಿಶಿಷ್ಟ ಗುರುತಿನ ಚೀಟಿ. ಕಾಲೇಜು ಸೇರುವ ತನಕ ಕಾಯದೆ, ಮಗು ಪ್ರೌಢಶಾಲೆಯಲ್ಲಿರುವಾಗಲೇ ಇದನ್ನು ಮಾಡಿಸಿಟ್ಟುಕೊಳ್ಳಿ. ಎರಡನೆಯದು, ಕೇಂದ್ರ ಸರ್ಕಾರದ ಯೋಜನೆ ಒಂದಲ್ಲ. ಒಂಬತ್ತು ಮತ್ತು ಹತ್ತನೆಯ ತರಗತಿಗೆ ಒಂದು, ಹನ್ನೊಂದರಿಂದ ಸ್ನಾತಕೋತ್ತರದವರೆಗೆ ಇನ್ನೊಂದು, ಹೆಸರಾಂತ ಉನ್ನತ ಸಂಸ್ಥೆಗಳಲ್ಲಿ ಓದುವವರಿಗೆ ಬೇರೆಯೇ ಒಂದು, ಸಂಶೋಧನೆ ಮಾಡುವವರಿಗೆ ಫೆಲೋಶಿಪ್ ಹೀಗೆ ಇವೆ. ಬಹುಪಾಲು ಅರ್ಜಿಗಳು ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕವೇ ಹೋಗಬೇಕು. ನಮ್ಮ ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿಯೂ ವಿಚಾರಿಸಬೇಕು. ಆದಾಯದ ಮಿತಿ ಮತ್ತು ಕೊನೆಯ ದಿನಾಂಕಗಳು ಬದಲಾಗುತ್ತಿರುವುದರಿಂದ ಕಳೆದ ವರ್ಷದ ಮಾತನ್ನು ನಂಬಿ ಕೂರಬೇಡಿ.

ಮೂರನೆಯದು ಬಹಳ ಮುಖ್ಯ. ಅರ್ಜಿ ಸಲ್ಲಿಸಿದ ಕೂಡಲೇ ಕೆಲಸ ಮುಗಿಯಲಿಲ್ಲ. ಕಾಲೇಜಿನವರು ಅದನ್ನು ತಮ್ಮ ಕಡೆಯಿಂದ ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು. ಅಲ್ಲಿ ನಿಂತುಹೋದ ಅರ್ಜಿ ಯಾರ ತಪ್ಪೂ ಇಲ್ಲವೆಂಬಂತೆ ಸದ್ದಿಲ್ಲದೆ ಸತ್ತುಹೋಗುತ್ತದೆ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯಲ್ಲಿ ಹೆಸರಿನ ಒಂದಕ್ಷರ ವ್ಯತ್ಯಾಸವಾದರೂ ತೊಂದರೆ. ಮಂಜೂರಾದ ವೇತನವನ್ನು ಮರುವರ್ಷ ನವೀಕರಿಸಲೂ ಮರೆಯಬಾರದು. ನಾಲ್ಕನೆಯದು, ಹಣವನ್ನಷ್ಟೇ ಕೇಳಿ ಸುಮ್ಮನಾಗಬೇಡಿ. ಪರೀಕ್ಷೆಗೆ ಲಿಪಿಕಾರ, ಹೆಚ್ಚುವರಿ ಸಮಯ, ನೆಲಮಹಡಿಯಲ್ಲಿ ತರಗತಿ ಇವನ್ನು ಲಿಖಿತವಾಗಿ ಕೇಳಿ. ಇಲಿನಾಯ್‌ನ ವಿದ್ಯಾರ್ಥಿಗಳು ಕಲಿಸಿದ್ದು ಇದನ್ನೇ.

ಕೊನೆಯದಾಗಿ ಆ ಹುಡುಗಿಯ ವಿಷಯ. 1996ರಲ್ಲಿ ಒಂದು ದಿನ ಪಟ್ಟಣದ ಬಸ್ ನಿಲ್ದಾಣದಲ್ಲಿ ನಾನು ಯಾರನ್ನೋ ಮಾತನಾಡಿಸುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಿಂದ "ಮೇಷ್ಟ್ರಲ್ಲವೇ?" ಎಂಬ ದನಿ ಬಂತು. ನನ್ನ ಧ್ವನಿಯಿಂದಲೇ ಗುರುತು ಹಿಡಿದಿದ್ದಳು. ಮದುವೆಯಾಗಿತ್ತು, ತೊಡೆಯ ಮೇಲೆ ಮಗುವಿತ್ತು. ಕುಶಲ ವಿಚಾರಿಸಿದೆ. "ಚೆನ್ನಾಗಿದ್ದೇನೆ ಸಾರ್. ಇಸವಿಗಳೆಲ್ಲ ಇನ್ನೂ ನೆನಪಿವೆ" ಎಂದು ನಕ್ಕಳು. ಸುತ್ತೋಲೆಯ ವಿಷಯ ನಾಲಿಗೆಯ ತುದಿಗೆ ಬಂತು. ಹೇಳಲಾಗಲಿಲ್ಲ. ಅವಳ ಬಸ್ಸು ಬಂತು, ಹೊರಟುಹೋದಳು. ಅವಳು ಇದನ್ನು ಓದುವಂತಿಲ್ಲ. ಯಾರಾದರೂ ಓದಿ ಹೇಳಿದರೆ, ಅವಳ ಮೇಷ್ಟರು ತಡವಾಗಿಯಾದರೂ ತಪ್ಪನ್ನು ಒಪ್ಪಿಕೊಂಡರೆಂದು ತಿಳಿಯಲಿ.

ಇತ್ತ, ಕಳೆದ ತಿಂಗಳು ಬಂದ ಆ ಹುಡುಗನ ಅರ್ಜಿ ಕಾಲೇಜಿನ ಪರಿಶೀಲನೆಯ ಹಂತದಲ್ಲಿಯೇ ನಿಂತಿದೆ ಎಂದು ನಿನ್ನೆ ಜಾಲತಾಣ ತೋರಿಸಿತು. ಕೊನೆಯ ದಿನಾಂಕಕ್ಕೆ ಇನ್ನೂ ಹನ್ನೊಂದು ದಿನಗಳಿವೆ. ನಾಳೆ ಬೆಳಗಿನ ಬಸ್ಸಿಗೆ ಅವನ ತಂದೆಯೊಡನೆ ನಾನೂ ಕಾಲೇಜಿಗೆ ಹೊರಟಿದ್ದೇನೆ.